ಹಲ್ಲು, ಹಾಲು, ಕಲ್ಲು, ಕಾಲು: ಪುಟ್ಟ ಮಕ್ಕಳ ಆಲಿಸುವಿಕೆಗೊಂದು ಪರೀಕ್ಷೆ

ಆಡಿಯೋಗ್ರಾಮ್, ಅಂದರೆ ಕಿವಿಗೆ ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಎಂದು ತೋರಿಸುವ ನಕ್ಷೆ, ನಾರ್ಮಲ್ ಎಂದು ಬಂದ ಮೇಲೆಯೇ ನಿಜವಾದ ಕೆಲಸ ಶುರುವಾಗುವಂಥ ಮಕ್ಕಳು ಕೆಲವರಿರುತ್ತಾರೆ. ಹೆಡ್‌ಫೋನ್ ಹಾಕಿಸಿ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸದ್ದು ಕೇಳಿಸಿದರೆ ಎಲ್ಲಕ್ಕೂ ಕೈ ಎತ್ತುತ್ತಾರೆ. ಕಿವಿಯ ತಮಟೆ ಚೆನ್ನಾಗಿದೆ, ಮಧ್ಯಕಿವಿಯಲ್ಲಿ ನೀರು ನಿಂತಿಲ್ಲ, ಒಳಕಿವಿಯೂ ಸರಿಯಿದೆ. ಆದರೂ ತಾಯಿ ಸಮಾಧಾನವಾಗಿ ಎದ್ದು ಹೋಗುವುದಿಲ್ಲ. "ಎದುರಿಗೆ ಕೂತು ಹೇಳಿದ್ರೆ ಎಲ್ಲಾ ಗೊತ್ತಾಗತ್ತೆ ಮೇಡಂ. ಮಿಕ್ಸಿ ಓಡ್ತಿದ್ರೆ, ಟಿವಿ ಹಾಕಿದ್ರೆ ಮುಗೀತು, 'ಏನಮ್ಮಾ, ಏನಮ್ಮಾ' ಅಂತಾನೇ ಇರ್ತಾನೆ. ಸ್ಕೂಲಲ್ಲಿ ಮಿಸ್ ಹೇಳಿದ್ದರಲ್ಲಿ ಅರ್ಧ ಮಾತ್ರ ಮನೆಗೆ ಬರತ್ತೆ" ಎನ್ನುತ್ತಾರೆ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನಿಶ್ಶಬ್ದ ಕೋಣೆಯಲ್ಲಿ ಸಣ್ಣ ಸದ್ದನ್ನು ಗುರುತಿಸುವುದು ಒಂದು ಕೆಲಸ. ನಲವತ್ತು ಮಕ್ಕಳ ಗಲಾಟೆಯ ನಡುವೆ ಟೀಚರ್ ದನಿಯನ್ನು ಹಿಡಿದು, ಅದರಲ್ಲಿ 'ಕಲ್ಲು' ಬಂತೋ 'ಕಾಲು' ಬಂತೋ ಎಂದು ಬೇರ್ಪಡಿಸುವುದು ಅದಕ್ಕಿಂತ ತುಂಬ ದೊಡ್ಡ ಕೆಲಸ. ಎರಡನೆಯದು ಕಿವಿಯಿಂದ ಮಿದುಳಿನವರೆಗಿನ ಇಡೀ ದಾರಿಯಲ್ಲಿ ನಡೆಯುತ್ತದೆ. ಇದನ್ನೇ ನಾವು ಆಡಿಟರಿ ಪ್ರೊಸೆಸಿಂಗ್, ಶ್ರವಣ ಸಂಸ್ಕರಣೆ ಎನ್ನುವುದು.

ಇದನ್ನು ಅಳೆಯುವ ಪರೀಕ್ಷೆಗಳು ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. 1954ರಲ್ಲಿ ಇಟಲಿಯ ಬೊಕ್ಕಾ ಮತ್ತು ಕಲೆಯಾರೊ ಹಾಗೂ ಅವರ ಸಹೋದ್ಯೋಗಿಗಳು ಮಿದುಳಿನ ಟೆಂಪೊರಲ್ ಭಾಗದಲ್ಲಿ, ಅಂದರೆ ಕಿವಿಯ ಪಕ್ಕದ, ಸದ್ದನ್ನು ಅರಿಯುವ ಭಾಗದಲ್ಲಿ, ಗೆಡ್ಡೆಯಿದ್ದ ರೋಗಿಗಳನ್ನು ಪರೀಕ್ಷಿಸಿದರು. ಮಾಮೂಲಿ ಶ್ರವಣ ಪರೀಕ್ಷೆಯಲ್ಲಿ ಅವರಲ್ಲಿ ಏನೂ ದೋಷ ಕಾಣಲಿಲ್ಲ. ಪದಗಳಲ್ಲಿನ ಹೆಚ್ಚು ಕಂಪನಾಂಕದ ಸದ್ದನ್ನು ಸೋಸಿ ತೆಗೆದು, ಮಂಕಾದ ಮಾತನ್ನು ಕೇಳಿಸಿದಾಗ ಮಾತ್ರ ಗೆಡ್ಡೆಯ ಎದುರು ಬದಿಯ ಕಿವಿ ಸೋತಿತು. ಮಾತಿನಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಸುಳಿವುಗಳು ತುಂಬಿರುತ್ತವೆ. ಆರೋಗ್ಯವಂತ ಮಿದುಳು ಅದರಲ್ಲಿ ಒಂದಿಷ್ಟು ಕಳೆದರೂ ಸಂಭಾಳಿಸುತ್ತದೆ, ದುರ್ಬಲವಾದದ್ದು ಸಂಭಾಳಿಸಲಾರದು. ಇಂದಿನ ಬಹುತೇಕ ಪರೀಕ್ಷೆಗಳ ಬೇರು ಇಲ್ಲಿದೆ. 1961ರಲ್ಲಿ ಕೆನಡಾದಲ್ಲಿ ಡೊರೀನ್ ಕಿಮುರಾ ಎರಡೂ ಕಿವಿಗೆ ಒಂದೇ ಕ್ಷಣದಲ್ಲಿ ಬೇರೆ ಬೇರೆ ಅಂಕಿಗಳನ್ನು ಕೇಳಿಸಿ, ಬಹುಪಾಲು ಜನರಲ್ಲಿ ಬಲಗಿವಿ ತುಸು ಮುಂದಿರುವುದನ್ನು ತೋರಿಸಿದರು. ಇಟಲಿಯ ಆ ರೋಗಿಗಳಲ್ಲಿ ಗೆಡ್ಡೆ ಎಲ್ಲಿದೆ ಎಂದು ಡಾಕ್ಟರಿಗೆ ಗೊತ್ತಿತ್ತು, ಪರೀಕ್ಷೆ ಅದನ್ನು ಸರಿಯಾಗಿ ಹೇಳುತ್ತದೋ ಇಲ್ಲವೋ ಎಂದು ತಾಳೆ ನೋಡಬಹುದಿತ್ತು. ನನ್ನ ಮುಂದೆ ಕೂರುವ ಐದು ವರ್ಷದ ಹುಡುಗನಲ್ಲಿ ಗೆಡ್ಡೆಯಿಲ್ಲ, ಗಾಯವಿಲ್ಲ. ತಾಳೆ ನೋಡಲು ಏನೂ ಇಲ್ಲ. ಮಕ್ಕಳ ಪರೀಕ್ಷೆಯ ಕಷ್ಟಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಹೊರಡುತ್ತವೆ.

ಮಗು ತಪ್ಪು ಉತ್ತರ ಕೊಟ್ಟಿತು ಅನ್ನೋಣ. ಯಾಕೆ ಕೊಟ್ಟಿತು? ಕೇಳಿಸಿದ್ದು ಬೇರೆಯಾಗಿರಬಹುದು. ಆ ಪದವೇ ಅದಕ್ಕೆ ಗೊತ್ತಿಲ್ಲದಿರಬಹುದು. ಕೇಳಿದ್ದನ್ನು ನೆನಪಿಟ್ಟುಕೊಳ್ಳುವಷ್ಟರಲ್ಲಿ ಮರೆತಿರಬಹುದು. ಕಿಟಕಿಯಾಚೆ ಅಳಿಲು ಓಡಿರಬಹುದು. ಸರಿಯಾಗಿಯೇ ಕೇಳಿಸಿ, ನಾಲಿಗೆ ಇನ್ನೂ ತಿರುಗದೆ ಬೇರೇನೋ ಅಂದಿರಬಹುದು. ನಾವು ಹುಡುಕುತ್ತಿರುವುದು ಮೊದಲನೆಯದನ್ನು ಮಾತ್ರ. ಉಳಿದವನ್ನೆಲ್ಲ ಪರೀಕ್ಷೆ ಕಟ್ಟುವಾಗಲೇ ದೂರವಿಡಬೇಕು. ಇಡದೆ ಹೋದರೆ ಅಂಕ ಬರುತ್ತದೆ, ವರದಿ ಬರುತ್ತದೆ, ಮಗುವಿಗೆ ಒಂದು ಹೆಸರೂ ಅಂಟಿಕೊಳ್ಳುತ್ತದೆ. ಆ ಅಂಕ ಅಳೆದದ್ದು ಮಗುವಿನ ಶಬ್ದಭಂಡಾರವನ್ನೋ ದಣಿವನ್ನೋ ಆಗಿರುತ್ತದೆ. ಈ ಒಂದು ವಿಷಯದಲ್ಲಿ ನನಗೆ ರಾಜಿಯಿಲ್ಲ.

ಇಂಗ್ಲೆಂಡಿನಲ್ಲಿ ಈ ಎಚ್ಚರ ಬಹಳ ಹಿಂದೆಯೇ ಇತ್ತು. 1977ರಲ್ಲಿ ಬಂದ ಮೆಕ್‌ಕಾರ್ಮಿಕ್ ಆಟಿಕೆ ಪರೀಕ್ಷೆಯಲ್ಲಿ 14 ಆಟಿಕೆಗಳಿವೆ, ಕೇಳಲು ಒಂದನ್ನೊಂದು ಹೋಲುವ ಏಳು ಜೋಡಿ: ಕಪ್ ಮತ್ತು ಡಕ್, ಕೀ ಮತ್ತು ಟ್ರೀ, ಹೀಗೆ. ಪರೀಕ್ಷೆಗೆ ಮೊದಲು ಮಗುವಿಗೆ ಪ್ರತಿ ಆಟಿಕೆಯೂ ಗೊತ್ತೇ ಎಂದು ನೋಡುತ್ತಾರೆ. ಒಂದು ಗೊತ್ತಿಲ್ಲದಿದ್ದರೆ ಅದರ ಜೋಡಿಯನ್ನೂ ಮೇಜಿನಿಂದ ತೆಗೆದುಬಿಡುತ್ತಾರೆ. 1979ರ ಬೆಂಚ್, ಕೋವಲ್ ಮತ್ತು ಬ್ಯಾಮ್‌ಫೋರ್ಡ್ ವಾಕ್ಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಪಂಡಿತರು ಕುರ್ಚಿಯಲ್ಲಿ ಕೂತು ವಾಕ್ಯ ಬರೆಯಲಿಲ್ಲ. ಶ್ರವಣದೋಷವಿರುವ ಮಕ್ಕಳು ಮಾತಾಡಿದ್ದನ್ನು ಧ್ವನಿಮುದ್ರಿಸಿಕೊಂಡು, ಆ ಮಕ್ಕಳು ಬಳಸಿದ ಪದ ಮತ್ತು ವ್ಯಾಕರಣದಿಂದಲೇ ವಾಕ್ಯ ಕಟ್ಟಿದರು. ನನ್ನ ಮಟ್ಟಿಗೆ ಮಕ್ಕಳ ಪರೀಕ್ಷೆ ಮಾಡುವ ಯಾರೇ ಆದರೂ ಮೊದಲು ತಿಳಿಯಬೇಕಾದ ಪಾಠ ಇದು.

ಕನ್ನಡದಲ್ಲಿ ಈ ಕೆಲಸದ ಬಹುಪಾಲು ನಡೆದಿರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಲ್ಲಿ ಆರಂಭವಾದ ಈ ಸಂಸ್ಥೆಯ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಪದಪಟ್ಟಿ, ವಾಕ್ಯಪಟ್ಟಿ, ಎರಡು ಕಿವಿಯ ಪರೀಕ್ಷೆ ಎಂದು ಒಂದೊಂದನ್ನೇ ಕಟ್ಟುತ್ತ ಬಂದಿದ್ದಾರೆ. ಆಶಾ ಯತಿರಾಜ್ ಮತ್ತು ಸಹಲೇಖಕಿ ರೂಪಿಸಿದ 12 ಪ್ರಶ್ನೆಗಳ ತಪಾಸಣಾ ಪಟ್ಟಿಯನ್ನು ಶಾಲೆಯ ಶಿಕ್ಷಕರೇ ಹೌದು ಅಥವಾ ಇಲ್ಲ ಎಂದು ತುಂಬಬಹುದು. ಯಾವ ಯಂತ್ರವೂ ಬೇಡ. ಯಾವ ಮಗುವನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು ಎಂಬುದಕ್ಕೆ ಅಷ್ಟು ಸಾಕು.

ಇಂಗ್ಲಿಷಿನ ಪರೀಕ್ಷೆಯನ್ನು ಭಾಷಾಂತರಿಸಿದರೆ ಆಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಅವರ ಪಟ್ಟಿಗಳು ಹೆಚ್ಚಾಗಿ ವ್ಯಂಜನದಲ್ಲಿ ಮುಗಿಯುವ ಒಂದಕ್ಷರದ ಉಚ್ಚಾರದ ಪದಗಳ ಮೇಲೆ ನಿಂತಿವೆ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಕೈ, ಹೂ ಥರದವು ಬೆರಳೆಣಿಕೆಯಷ್ಟು. ಹಾಗಾಗಿ ಕನ್ನಡದ ಪಟ್ಟಿ ಎರಡಕ್ಷರದ ಪದಗಳಿಂದಲೇ ಶುರುವಾಗಬೇಕು. ಅದಕ್ಕಿಂತ ಮುಖ್ಯವಾದದ್ದು, ಕನ್ನಡದಲ್ಲಿ ಉಚ್ಚಾರದ ಅವಧಿಯೇ ಅರ್ಥ ಬದಲಿಸುತ್ತದೆ. ಬಳೆ ಮತ್ತು ಬಾಳೆಯ ನಡುವೆ ಇರುವುದು ಸ್ವರದ ಉದ್ದ. ಹಲ್ಲು ಮತ್ತು ಹಾಲಿನಲ್ಲಿ ಎರಡು ಸುಳಿವುಗಳು ಜೊತೆಯಾಗಿ ಅದಲುಬದಲಾಗುತ್ತವೆ: ಒಂದರಲ್ಲಿ ಸ್ವರ ಗಿಡ್ಡ, ವ್ಯಂಜನ ಉದ್ದ, ಇನ್ನೊಂದರಲ್ಲಿ ಸ್ವರ ಉದ್ದ, ವ್ಯಂಜನ ಗಿಡ್ಡ. ಕತೆ ಮತ್ತು ಕತ್ತೆಯನ್ನು ನೋಡಿ. 'ತ್ತ' ಹೇಳುವಾಗ ನಾಲಿಗೆ ಹಲ್ಲಿಗೆ ಒತ್ತಿ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ, ಆ ಹೊತ್ತಿನಲ್ಲಿ ಸದ್ದೇ ಇಲ್ಲ. ಮಗು ಅಲ್ಲಿ ಕೇಳಬೇಕಾದದ್ದು ಮೌನದ ಉದ್ದವನ್ನು. ಸದ್ದಿನ ನಡುವೆ ಕೆಲವೇ ಮಿಲಿಸೆಕೆಂಡಿನ ಬಿರುಕನ್ನು ಗುರುತಿಸುವ ಪರೀಕ್ಷೆಯೊಂದು ಲೋಕದೆಲ್ಲೆಡೆ ಬಳಕೆಯಲ್ಲಿದೆ. ಅದನ್ನು ಮಾಡಿಸುವಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಒತ್ತಕ್ಷರಗಳು. ಗೋಡೆಗೆ ಸುಣ್ಣ ಬಿಟ್ಟರೆ ಬೇರೇನೂ ಇಲ್ಲದ, ಮಾತು ಮಾರ್ದನಿಸುವ ಕ್ಲಾಸಿನಲ್ಲಿ ಹಿಂದಿನ ಸ್ವರದ ಬಾಲ ಬಂದು ಈ ಮೌನವನ್ನು ತುಂಬಿಬಿಡುತ್ತದೆ. ಆಗ ದೊಡ್ಡವರು ಸಂದರ್ಭದಿಂದ ಊಹಿಸಿಕೊಳ್ಳುತ್ತಾರೆ. ಊಹಿಸುವಷ್ಟು ಭಾಷೆ ಇನ್ನೂ ಕೈಗೆ ಬಾರದ ಮಗು ಏನು ಮಾಡಬೇಕು?

ಹಾಗಿದ್ದರೆ ಕತೆ–ಕತ್ತೆ ಜೋಡಿಯನ್ನು ಪರೀಕ್ಷೆಗೆ ಹಾಕಬಹುದೇ? ಕತ್ತೆಯ ಚಿತ್ರ ಬರೆಯಬಹುದು, ಕತೆಯ ಚಿತ್ರ ಹೇಗೆ ಬರೆಯುವುದು? ಪುಟ್ಟ ಮಕ್ಕಳ ಪರೀಕ್ಷೆಯಲ್ಲಿ ಉತ್ತರ ಬಾಯಲ್ಲಿ ಬರುವುದಕ್ಕಿಂತ ಬೆರಳಲ್ಲಿ ಬರುವುದು ಒಳ್ಳೆಯದು. ಹಳೇ ಮೈಸೂರಿನ ಹಳ್ಳಿಗಳ ಎಷ್ಟೋ ಮಕ್ಕಳು ಹಾಲನ್ನು 'ಆಲು' ಎನ್ನುತ್ತಾರೆ, ಹಣ್ಣನ್ನು 'ಅಣ್ಣು' ಎನ್ನುತ್ತಾರೆ. ಅದು ಅವರ ಮನೆಮಾತು, ಅದರಲ್ಲಿ ತಪ್ಪೇನಿಲ್ಲ. 'ಳ'ಕಾರ ಇನ್ನೂ ಕೂಡದ ಮಗು ಹುಳಿಯನ್ನು 'ಹುಲಿ' ಎಂದರೆ ಕಿವಿಯನ್ನು ದೂರುವಂತಿಲ್ಲ. ಚಿತ್ರ ತೋರಿಸಿ ಮುಟ್ಟು ಎಂದರೆ ಈ ತೊಡಕು ತಪ್ಪುತ್ತದೆ. ಆದರೆ ಚಿತ್ರವಾಗಬಲ್ಲ, ಐದು ವರ್ಷದ ಮಗುವಿಗೆ ಗೊತ್ತಿರುವ, ಸದ್ದಿನಲ್ಲಿ ಒಂದೇ ಅಂಶದಿಂದ ಬೇರೆಯಾಗುವ ಪದಗಳನ್ನು ಹುಡುಕುತ್ತ ಕೂತರೆ ಮೊದಲು ಉದ್ದವಾಗಿದ್ದ ಪಟ್ಟಿ ಸಣ್ಣಗಾಗುತ್ತ ಹೋಗುತ್ತದೆ.

ಚಿತ್ರಗಳನ್ನು ಮೊದಲು ಮಕ್ಕಳ ಮುಂದಿಟ್ಟು ಹೆಸರು ಕೇಳಬೇಕು. ಒಂದು ಸರಕಾರಿ ಶಾಲೆಯ ಜಗಲಿಯಲ್ಲಿ ಹೀಗೆ ಕೂತಿದ್ದಾಗ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಕಾರ್ಡುಗಳನ್ನು ತಾನೇ ತಿರುವಿಹಾಕುತ್ತ ಪಟಪಟನೆ ಹೇಳಿಕೊಂಡು ಹೋದಳು. ಬಳೆ, ಹಾವು, ಬಸ್ಸು, ಕಣ್ಣು. ಮಣೆಯ ಚಿತ್ರ ಬಂತು. ತಲೆ ಓರೆ ಮಾಡಿ ನೋಡಿದಳು.

"ಇದೇನು ಪುಟ್ಟಾ?"

"ಚಪಾತಿ ಮಾಡೋದು ಮಿಸ್."

ಅವಳ ಪಕ್ಕದ ಹುಡುಗ "ಅಲ್ಲ, ಸ್ಟೂಲು" ಎಂದ. ಅವರ ಮನೆಗಳಲ್ಲಿ ಊಟಕ್ಕೆ ಮಣೆ ಹಾಕಿ ಕೂರುವ ರೂಢಿ ಎಂದೋ ನಿಂತಿದೆ. ಮನೆ–ಮಣೆ ಶಬ್ದದ ದೃಷ್ಟಿಯಿಂದ ಎಷ್ಟೇ ಸೊಗಸಾದ ಜೋಡಿಯಾದರೂ ಆ ಮಕ್ಕಳಿಗೆ ಅದು ಕೇಳುವಿಕೆಯ ಪ್ರಶ್ನೆಯಾಗುವುದಿಲ್ಲ, ಸಾಮಾನ್ಯ ಜ್ಞಾನದ ಪ್ರಶ್ನೆಯಾಗುತ್ತದೆ. ಒನಕೆ, ಬೀಸುಕಲ್ಲು, ಬುಗುರಿ ಇವೂ ಹೀಗೆಯೇ ಪಟ್ಟಿಯಿಂದ ಹೊರಗೆ ಹೋಗುತ್ತವೆ. ನನಗೆ ಇವು ಪ್ರೀತಿಯ ಪದಗಳು, ತೆಗೆದುಹಾಕುವಾಗ ಸಂಕಟವಾಗುತ್ತದೆ. ಆದರೆ ಪರೀಕ್ಷೆ ಮಗುವಿನದು. ಬಸ್ಸು, ಬಾಲು, ಕಾರು, ಪೆನ್ನು ಇವತ್ತಿನ ಮಗುವಿನ ಕನ್ನಡ ಪದಗಳೇ ಎಂದು ಒಪ್ಪಿಕೊಳ್ಳಬೇಕು. ಊರು ಬದಲಾದರೆ ಇನ್ನೊಂದು ಸಮಸ್ಯೆ. ಮರದ ಚಿತ್ರ ತೋರಿಸಿದರೆ ಧಾರವಾಡದ ಕಡೆಯ ಮಗು ಸಹಜವಾಗಿ 'ಗಿಡ' ಎನ್ನುತ್ತದೆ. ಅದೇ ಪುಟದಲ್ಲಿ ಸಣ್ಣ ಗಿಡದ ಚಿತ್ರವೂ ಇದ್ದರೆ ಆ ಪುಟವನ್ನು ಬಿಸಾಡುವುದೊಂದೇ ದಾರಿ.

ಅಂಕಿಗಳಾದರೂ ಸುಲಭವೇ ಎಂದುಕೊಂಡರೆ ಅದೂ ಇಲ್ಲ. ಎರಡು ಕಿವಿಗೆ ಬೇರೆ ಬೇರೆ ಅಂಕಿ ಕೇಳಿಸುವ ಪರೀಕ್ಷೆಯಲ್ಲಿ ಎರಡೂ ಪದ ಒಟ್ಟಿಗೆ ಶುರುವಾಗಿ ಒಟ್ಟಿಗೆ ಮುಗಿಯಬೇಕು. ಇಂಗ್ಲಿಷಿನಲ್ಲಿ ಒಂದರಿಂದ ಹತ್ತರವರೆಗೆ 'ಸೆವೆನ್' ಒಂದನ್ನು ಬಿಟ್ಟರೆ ಉಳಿದವೆಲ್ಲ ಒಂದೇ ಉಚ್ಚಾರಾಂಶದವು, ಅದಕ್ಕೇ ಅವರು ಸೆವೆನ್ ಕೈಬಿಡುತ್ತಾರೆ. ನಮ್ಮಲ್ಲಿ 'ಎರಡು', 'ಒಂಬತ್ತು' ಮೂರಕ್ಷರದವು, ಉಳಿದವು ಎರಡಕ್ಷರದವು. ಮೂರಕ್ಷರದ ಆ ಎರಡು ಪದಗಳನ್ನು ಬಿಡಬೇಕು. 'ನಾಲ್ಕು' ಎಂದು ಪುಸ್ತಕದಂತೆ ಮುದ್ರಿಸಿಕೊಳ್ಳಬೇಕೋ, ಮಕ್ಕಳು ಹೇಳುವಂತೆ 'ನಾಕು' ಎಂದೋ? ನನ್ನ ಒಲವು 'ನಾಕು' ಕಡೆಗೆ. ಈ ಪರೀಕ್ಷೆಯಲ್ಲಿ ಪುಟ್ಟ ಮಕ್ಕಳ ಎಡಗಿವಿ ಸೋಲುವುದು ಸಹಜ. ಎಡಗಿವಿಗೆ ಬಿದ್ದದ್ದು ಮಿದುಳಿನ ಬಲಭಾಗಕ್ಕೆ ಹೋಗಿ, ಅಲ್ಲಿಂದ ಎರಡು ಭಾಗಗಳನ್ನು ಕೂಡಿಸುವ ನರತಂತುಗಳ ಸೇತುವೆ ದಾಟಿ ಭಾಷೆಯ ಎಡಭಾಗ ತಲುಪಬೇಕು. ಆ ಸೇತುವೆ ಹದಿವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ. ಎಡಗಿವಿಯ ಅಂಕ ಹನ್ನೊಂದು–ಹನ್ನೆರಡರ ಹೊತ್ತಿಗೆ ಬಲಗಿವಿಯ ಹತ್ತಿರ ಬರುತ್ತದೆ. ಹೀಗಿರುವಾಗ ಐದು ವರ್ಷದ ಮಗುವನ್ನು ಏಳು ವರ್ಷದವರ ಸರಾಸರಿಗೆ ಹೋಲಿಸುವುದು ಅನ್ಯಾಯ. ಪ್ರತಿ ವಯಸ್ಸಿಗೂ ಬೇರೆ ಬೇರೆ ಸರಾಸರಿ ಬೇಕು, ಅದೂ ಮೈಸೂರು, ಕಲಬುರಗಿ, ಮಂಗಳೂರು ಎಲ್ಲ ಕಡೆಯ ಮಕ್ಕಳಿಂದ ಬರಬೇಕು. ಮನೆಯಲ್ಲಿ ತುಳುವೋ ಉರ್ದುವೋ ಆಡಿ ಶಾಲೆಯಲ್ಲಿ ಕನ್ನಡ ಕಲಿತ ಮಗುವಿಗೆ ಅದೂ ಸಾಲದು.

ಧ್ವನಿಮುದ್ರಣದ ಮಾತನ್ನು ಬೇಗ ಮುಗಿಸುತ್ತೇನೆ. ಸ್ಪಷ್ಟ, ಆತುರವಿಲ್ಲದ ದನಿ, ಸದ್ದು ನುಸುಳದ ಕೋಣೆ, ಎಲ್ಲ ಪದಗಳ ಮಟ್ಟ ಒಂದೇ. ಆದರೂ ಗದ್ದಲ ಬೆರೆಸಿದ ಮೇಲೆ ಪದಗಳು ಸಮಾನವಾಗಿ ಉಳಿಯುವುದಿಲ್ಲ. 'ಬಸ್ಸು' ಅದರ ಸಕಾರದಿಂದಾಗಿ ಗದ್ದಲದ ಮೇಲೆದ್ದು ನಿಲ್ಲುತ್ತದೆ, 'ಮನೆ' ಮುಳುಗಿಹೋಗುತ್ತದೆ. ಆದ್ದರಿಂದ ಬೇರೆ ಬೇರೆ ಪ್ರಮಾಣದ ಗದ್ದಲದಲ್ಲಿ ಎಷ್ಟೋ ಮಕ್ಕಳಿಗೆ ಕೇಳಿಸಿ, ಯಾವ ಪದ ಎಲ್ಲಿ ಮುಳುಗುತ್ತದೆ ಎಂದು ಗುರುತು ಹಾಕಿ, ಅದಕ್ಕೆ ತಕ್ಕಂತೆ ಪಟ್ಟಿಗಳನ್ನು ಸರಿದೂಗಿಸಬೇಕು. ಬೇಸರ ಹಿಡಿಸುವ ಕೆಲಸ. ಇದನ್ನು ಹಾರಿಸಿದ ಪಟ್ಟಿ ಮಾತ್ರ ನಂಬಿಕೆಗೆ ಬಾರದು. ಇನ್ನು ನಾಲ್ಕು ಚಿತ್ರಗಳಲ್ಲಿ ಒಂದನ್ನು ಕಣ್ಣು ಮುಚ್ಚಿ ಮುಟ್ಟಿದರೂ ನಾಲ್ಕಕ್ಕೊಂದು ಸರಿಯಾಗುತ್ತದೆ. ನೂರಕ್ಕೆ 25 ಅಂಕವೆಂದರೆ ಏನೂ ಕೇಳಿಸಿಲ್ಲ ಎಂದೇ ಅರ್ಥ. ಇದನ್ನು ಮರೆತು 'ಪರವಾಗಿಲ್ಲ, ಕಾಲು ಭಾಗ ಕೇಳಿಸಿದೆ' ಎಂದು ಬರೆದ ವರದಿಗಳನ್ನು ನೋಡಿದ್ದೇನೆ.

ಪರೀಕ್ಷೆ ಮಾಡುವವರ ಕಣ್ಣಿನ ಬಗ್ಗೆಯೂ ಹೇಳಬೇಕು. ಗದ್ದಲ ಏರುತ್ತಿದ್ದಂತೆ ಮಗು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿಹಿಡಿಯುತ್ತದೆ, ಮುಂದಕ್ಕೆ ಬಾಗುತ್ತದೆ, ಉತ್ತರ ಹೊಳೆಯದಿದ್ದಾಗ ನಮ್ಮ ಮುಖ ನೋಡುತ್ತದೆ. ನಾವು ಅರಿವಿಲ್ಲದೆ ಸರಿಯಾದ ಚಿತ್ರದ ಕಡೆ ಕಣ್ಣು ಹಾಯಿಸಿದರೆ ಸಾಕು, ಅದರ ಬೆರಳು ಅಲ್ಲಿಗೇ ಹೋಗುತ್ತದೆ. ಮಕ್ಕಳು ಅಷ್ಟು ಚುರುಕು. ನಾನು ಕಾಗದದ ಮೇಲಿಂದ ಕಣ್ಣೆತ್ತುವುದಿಲ್ಲ. ನಡುನಡುವೆ ಗದ್ದಲವೇ ಇಲ್ಲದ, ತೀರಾ ಸುಲಭದ ಪದವೊಂದನ್ನು ಬಿಡುತ್ತೇನೆ. ಅದೂ ತಪ್ಪಿದರೆ ಮಗುವಿನ ಗಮನ ಹೋಗಿದೆ ಎಂದರ್ಥ. ಅಲ್ಲಿಂದ ಮುಂದಿನ ಅಂಕಗಳು ಬೇಡ. ನೀರು ಕುಡಿದು, ಹೊರಗೆ ಓಡಾಡಿಕೊಂಡು ಬರಲಿ.

ಗಮನದ ವಿಷಯ ಇಡೀ ಕ್ಷೇತ್ರವನ್ನೇ ಅಲುಗಾಡಿಸಿದ್ದುಂಟು. ಬ್ರಿಟನ್ನಿನ ಡೇವಿಡ್ ಮೂರ್ ಮತ್ತು ಸಂಗಡಿಗರು ಆರರಿಂದ ಹನ್ನೊಂದು ವರ್ಷದ 1469 ಶಾಲಾಮಕ್ಕಳನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಕ್ಕಳ ಆಲಿಸುವ ತೊಂದರೆಗೂ ಸದ್ದನ್ನು ಬಿಡಿಸಿ ನೋಡುವ ಅವರ ಸೂಕ್ಷ್ಮತೆಗೂ ಹೆಚ್ಚಿನ ನಂಟು ಕಾಣಲಿಲ್ಲ. ನಂಟು ಕಂಡದ್ದು ಗಮನದ ಏರಿಳಿತದ ಜೊತೆಗೆ. ಹಾಗಾದರೆ ಆಡಿಟರಿ ಪ್ರೊಸೆಸಿಂಗ್ ತೊಂದರೆ ಎಂಬುದೇ ಇಲ್ಲವೇ ಎಂಬ ವಾದ ಆಗ ಜೋರಾಯಿತು. ನನಗೆ ಹಾಗನ್ನಿಸುವುದಿಲ್ಲ. ಆದರೆ ಒಂದೇ ಅಂಕ ನೋಡಿ ತೀರ್ಪು ಕೊಡುವ ಪರೀಕ್ಷೆಗಳ ಕಾಲ ಅಲ್ಲಿಗೆ ಮುಗಿಯಬೇಕಿತ್ತು.

ಇದಕ್ಕೊಂದು ಜಾಣ ಉಪಾಯವಿದೆ. ಅಂಗನವಾಡಿಯಲ್ಲಿ ಹಟ ಹಿಡಿದ ಮಗುವನ್ನು ತೂಗುವುದು ಹೇಗೆ? ಮಗುವನ್ನು ಎತ್ತಿಕೊಂಡ ತಾಯಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಆಮೇಲೆ ತಾಯಿಯೊಬ್ಬಳನ್ನೇ ತೂಗಿ, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಸಿಡ್ನಿಯಲ್ಲಿ ಶರನ್ ಕ್ಯಾಮರೂನ್ ಮತ್ತು ಹಾರ್ವಿ ಡಿಲ್ಲನ್ ಕಟ್ಟಿದ ಪರೀಕ್ಷೆ ಇದೇ ಲೆಕ್ಕದ್ದು. ಮಗು ಹೆಡ್‌ಫೋನಿನಲ್ಲಿ ವಾಕ್ಯ ಕೇಳಿ ಮರಳಿ ಹೇಳಬೇಕು, ಹಿನ್ನೆಲೆಯಲ್ಲಿ ಯಾರೋ ಕತೆ ಹೇಳುತ್ತಿರುತ್ತಾರೆ. ಒಮ್ಮೆ ಕತೆಯೂ ವಾಕ್ಯವೂ ಎದುರಿನಿಂದಲೇ ಬರುವಂತೆ ಕೇಳಿಸುತ್ತದೆ. ಇನ್ನೊಮ್ಮೆ ಕತೆ ಎಡಬಲದಿಂದ, ವಾಕ್ಯ ಮಾತ್ರ ಎದುರಿನಿಂದ. ದಿಕ್ಕು ಬೇರೆಯಾದಾಗ ಮಗುವಿಗೆ ಎಷ್ಟು ಅನುಕೂಲವಾಯಿತು ಎಂಬುದೇ ಅಂಕ. ನೆನಪು, ಭಾಷೆ, ಗಮನ ಎರಡೂ ಸಲ ಒಂದೇ ಆಗಿರುವುದರಿಂದ ಕಳೆಯುವಾಗ ಬಹುಪಾಲು ಹೊಡೆದುಹೋಗುತ್ತವೆ. ಉಳಿಯುವುದು ಎರಡು ಕಿವಿಗಳನ್ನು ಬಳಸಿ ದಿಕ್ಕಿನಿಂದ ದನಿಯನ್ನು ಬೇರ್ಪಡಿಸುವ ಶಕ್ತಿ. ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಮಧ್ಯಕಿವಿಯಲ್ಲಿ ನೀರು ತುಂಬಿ, ಕಿವಿ ಸೋರಿ ಬೆಳೆದ ಮಕ್ಕಳಲ್ಲಿ ಈ ಶಕ್ತಿ ಹಿಂದುಳಿಯುವುದುಂಟು, ಕಿವಿ ವಾಸಿಯಾದ ಮೇಲೂ. ಒಳ್ಳೆಯ ಸುದ್ದಿಯೆಂದರೆ ಇದನ್ನು ಕಂಪ್ಯೂಟರಿನ ಆಟದ ರೂಪದ ತರಬೇತಿಯಿಂದ ಸರಿಪಡಿಸಲು ಸಾಧ್ಯವಾಗಿದೆ. ಕನ್ನಡದಲ್ಲಿ ಮುಂದೆ ಕಟ್ಟುವ ಪರೀಕ್ಷೆಗಳೆಲ್ಲ ಈ ಕಳೆಯುವ ಲೆಕ್ಕದ ಮೇಲೆಯೇ ನಿಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಅಪಾರ ಹಣ ಬೇಕಾಗಿಲ್ಲ, ಪದ ಮತ್ತು ವಾಕ್ಯಗಳನ್ನು ಶ್ರದ್ಧೆಯಿಂದ ಆರಿಸುವ ತಾಳ್ಮೆ ಬೇಕು.

ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘದ 2005ರ ವರದಿ ಏಳು ವರ್ಷಕ್ಕೆ ಮುಂಚೆ ಇಂಥ ಪರೀಕ್ಷೆಗಳ ಫಲಿತಾಂಶವನ್ನು ಬಹಳ ಎಚ್ಚರದಿಂದ ನೋಡಬೇಕೆನ್ನುತ್ತದೆ. ಮಕ್ಕಳು ಆ ವಯಸ್ಸಿನಲ್ಲಿ ಒಬ್ಬರಿಂದೊಬ್ಬರಿಗೆ ಅಷ್ಟು ಬೇರೆ ಬೇರೆ. ಆದರೆ ಓದು ಶುರುವಾಗುವುದು ಐದಕ್ಕೆ, ಆರಕ್ಕೆ. ತಂದೆತಾಯಿ ಏಳರವರೆಗೆ ಸುಮ್ಮನಿರಲಾರರು, ಇರಬೇಕಾಗಿಯೂ ಇಲ್ಲ. ಐದರ ಮಗುವಿಗೆ ನಾನು ಕಾಯಿಲೆಯ ಹೆಸರು ಬರೆದುಕೊಡುವುದಿಲ್ಲ. ಯಾವ ಮಟ್ಟದ ಗದ್ದಲದವರೆಗೆ ಮಾತು ಅರ್ಥವಾಗುತ್ತದೆ, ಎಲ್ಲಿಂದ ಕೈತಪ್ಪುತ್ತದೆ ಎಂಬುದನ್ನು ಶಾಲೆಗೆ ಅರ್ಥವಾಗುವ ಕನ್ನಡದಲ್ಲಿ ಬರೆಯುತ್ತೇನೆ. ಮುಂದಿನ ಸಾಲಿನಲ್ಲಿ, ರಸ್ತೆಯ ಕಿಟಕಿಯಿಂದ ದೂರ ಕೂರಿಸಿ. ಬೋರ್ಡಿನ ಕಡೆ ಮುಖ ಮಾಡಿ ಪಾಠ ಹೇಳಬೇಡಿ. ಕಟಕಟ ಸದ್ದು ಮಾಡುವ ಫ್ಯಾನಿಗೆ ಎಣ್ಣೆ ಬಿಡಿಸಿ. ಮೂರು ಸೂಚನೆಗಳನ್ನು ಒಂದೇ ಉಸಿರಿಗೆ ಕೊಡಬೇಡಿ. ಅಮೆರಿಕದಲ್ಲಿ ಖಾಲಿ ತರಗತಿಯ ಸದ್ದು 35 ಡೆಸಿಬೆಲ್ ಮೀರಬಾರದೆಂಬ ಮಾನದಂಡ 2002ರಲ್ಲೇ ಬಂತು. ಮುಂಗಾರಿನಲ್ಲಿ ತಗಡಿನ ಛಾವಣಿಯ ಕೆಳಗೆ ಕೂರುವ ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ದೂರದ ಮಾತಾಗುತ್ತದೆ, ಆದರೆ ಕಿಟಕಿಗೆ ದಪ್ಪ ಪರದೆ, ಗೋಡೆಗೆ ಮಕ್ಕಳ ಚಿತ್ರ ಅಂಟಿಸಿದ ಬಟ್ಟೆಯ ಹಲಗೆ ಹಾಕುವುದು ಪಂಚಾಯಿತಿ ಶಾಲೆಗೂ ಸಾಧ್ಯ.

ತಾಯಿಗೆ ಎರಡು ಮಾತು ಬೇರೆಯಾಗಿ ಹೇಳುತ್ತೇನೆ: ನೆಗಡಿ ಬಂದು ಹೋದಾಗಲೆಲ್ಲ ಮಗು ಟಿವಿಯ ಸದ್ದು ಹೆಚ್ಚಿಸುತ್ತದೆಯೇ ಗಮನಿಸಿ, ಹೆಚ್ಚಿಸಿದರೆ ಕಿವಿ ತೋರಿಸಲು ತಡಮಾಡಬೇಡಿ. ಏಳು ತುಂಬಿದ ಮೇಲೆ ಮತ್ತೆ ಕರೆದುಕೊಂಡು ಬನ್ನಿ, ಆಗ ಪೂರ್ತಿ ಪರೀಕ್ಷೆ ಮಾಡೋಣ.